ಖಾತೆ ಅವರ ಹೆಸರಲ್ಲಿದೆ ಸರಿ, ಮನೆ ಯಾರದ್ದು? ಹಳ್ಳಿಯಲ್ಲಿ ಮನೆ ಕೊಳ್ಳುವವರಿಗೆ ನನ್ನ ಅನುಭವ



ಪ್ರತಿ ವಾರ ಇಲ್ಲಿ ಗೊಬ್ಬರ, ಡ್ರಿಪ್ಪು, ನುಸಿ, ಕಪ್ಪುತಲೆ ಹುಳ ಅಂತ ಓದ್ತೀವಿ. ಈ ವಾರ ಸ್ವಲ್ಪ ಬೇರೆ ವಿಷಯ. ತೋಟದಲ್ಲಿ ದುಡಿದ ದುಡ್ಡು ಒಂದಲ್ಲ ಒಂದು ದಿನ ಬೋರ್‌ವೆಲ್‌ಗೋ ಮನೆಗೋ ಹೋಗೇ ಹೋಗುತ್ತೆ. ಬೋರ್‌ವೆಲ್ ಫೇಲಾದ್ರೆ ಅದೇ ದಿನ ಗೊತ್ತಾಗುತ್ತೆ. ಮನೆ ವ್ಯವಹಾರ ಫೇಲಾಗಿದ್ದು ಹತ್ತು ವರ್ಷ ಆದ್ಮೇಲೆ, ಕೋರ್ಟಿನ ಸಮನ್ಸ್ ಬಂದಾಗ ಗೊತ್ತಾಗುತ್ತೆ. ನನಗೂ ಹಾಗೇ ಆಗಬೇಕಿತ್ತು. ತಪ್ಪಿಸಿದ್ದು ನಮ್ಮವ್ವ ಕೇಳಿದ ಒಂದೇ ಒಂದು ಪ್ರಶ್ನೆ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಮೂವರು ಅಣ್ಣತಮ್ಮಂದಿರು, ತೋಟ ಪಾಲಾಗಿತ್ತು, ಮನೆ ಮಾತ್ರ ಒಂದೇ. ಮಗಳನ್ನ ಶಾಲೆಗೆ ಸೇರಿಸೋ ಹೊತ್ತಿಗೆ ಹೋಬಳಿ ಊರಲ್ಲಿ ಮನೆ ಮಾಡೋಣ ಅಂತ 2023ರ ಕೊನೆಯಲ್ಲಿ ಹುಡುಕೋಕೆ ಶುರು ಮಾಡ್ದೆ. 30-40ರ ಸೈಟಿನಲ್ಲಿ ಒಂದು ಹಳೇ ಆರ್‌ಸಿಸಿ ಮನೆ, ಹಿಂದೆ ಎರಡು ತೆಂಗಿನ ಮರ, 18 ಲಕ್ಷ ಅಂತ ದಲ್ಲಾಳಿ ತೋರಿಸ್ದ. ಮಾರುವವರು ಐವತ್ತು ದಾಟಿದವರು, ನಿಧಾನದ ಮನುಷ್ಯ, ಕಾಫಿ ಕುಡಿಸದೆ ಕಳಿಸ್ತಿರಲಿಲ್ಲ.

ದಾಖಲೆ ಕೇಳಿದೆ, ಕೊಟ್ಟರು. ಇ-ಸ್ವತ್ತಿನ ನಮೂನೆ 9, ನಮೂನೆ 11ಎ ಎರಡೂ ಅವರ ಹೆಸರಲ್ಲೇ. ಕಂದಾಯ ಕಟ್ಟಿದ ರಸೀದಿ, ಕರೆಂಟ್ ಬಿಲ್ಲು ಎಲ್ಲ ಅವರದ್ದೇ. ಕಾವೇರಿ ವೆಬ್‌ಸೈಟಲ್ಲಿ ನಾನೇ ಮೊಬೈಲಿಂದ ಋಣಭಾರ ಪತ್ರ, ಅಂದ್ರೆ ಇಸಿ ತೆಗೆಸಿದೆ. ಸಾಲ ಇಲ್ಲ, ಮಾರಾಟ ಇಲ್ಲ, ಏನೂ ಇಲ್ಲ. ಇನ್ನೇನು ಬೇಕು ಅಂತ ಎರಡು ಲಕ್ಷ ಅಡ್ವಾನ್ಸ್ ಕೊಟ್ಟುಬಿಟ್ಟೆ. ಒಂದು ಲಕ್ಷ ಬ್ಯಾಂಕಲ್ಲಿ, ಇನ್ನೊಂದು ಲಕ್ಷ ನಗದು. ಛಾಪಾ ಕಾಗದದ ಕರಾರಿನಲ್ಲಿ ಬರೆದಿದ್ದು ಒಂದೇ ಲಕ್ಷ. "ಇನ್ನೊಂದು ನಂಬಿಕೆ ಮೇಲೆ ಇರ್ಲಿ ಬಿಡಿ" ಅಂದ ದಲ್ಲಾಳಿ. ನಾನೂ ಬಿಟ್ಟೆ. ದಡ್ಡತನ ಅದು, ಬೇರೆ ಹೆಸರಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದ್ಲು: "ಆ ಮನೇಲಿ ಇಬ್ರು ಹೆಣ್ಮಕ್ಳು ಇದ್ರಲ್ಲೋ. ಅವ್ರು ಏನಂದ್ರು?"

ನನಗೆ ಹೆಣ್ಣುಮಕ್ಕಳು ಇದ್ದಾರೆ ಅನ್ನೋದೇ ಗೊತ್ತಿರಲಿಲ್ಲ.

ಬೆಳಗ್ಗೆ ಎದ್ದು ಹೋಗಿ ಕೇಳಿದೆ. "ಅವ್ರಿಗೆಲ್ಲ ಮದ್ವೆ ಮಾಡಿ ಕೊಟ್ಟಾಯ್ತು ಕಣಪ್ಪ. ಒಡವೆ ಹಾಕಿದೀವಿ, ಬಾಣಂತನ ಮಾಡಿದೀವಿ. ಅವ್ರು ಯಾಕ್ ಬರ್ತಾರೆ ಇದ್ರಲ್ಲಿ?" ಅಂದ್ರು. ಅವರು ಮೋಸ ಮಾಡ್ತಾ ಇರಲಿಲ್ಲ. ಅದು ಹಾಗೇ ಅಂತ ನಿಜವಾಗ್ಲೂ ನಂಬಿದ್ದರು. ನಮ್ಮ ಊರಲ್ಲಿ ಮುಕ್ಕಾಲು ಜನ ನಂಬಿರೋದೂ ಅದನ್ನೇ.

ಖಾತೆ ಅಂದ್ರೆ ಕಂದಾಯದ ಲೆಕ್ಕ

ಮರುದಿನ ತಿಪಟೂರಿನಲ್ಲಿ ಒಬ್ಬ ವಕೀಲ ಮೇಡಂ ಹತ್ರ ಹೋದೆ. (ಅಡ್ವಾನ್ಸ್ ಕೊಡೋಕೆ ಮುಂಚೆ ಹೋಗಬೇಕಿತ್ತು.) ನಾನು ಹಿಡ್ಕೊಂಡು ಹೋಗಿದ್ದ ನಮೂನೆಗಳನ್ನ ಪಕ್ಕಕ್ಕಿಟ್ಟು ಅವರು ಕೇಳಿದ್ದು ಎರಡೇ ಮಾತು. "ಇದು ಇವರಿಗೆ ಹೇಗೆ ಬಂತು? ಮೂಲ ಪತ್ರ ಎಲ್ಲಿ?"

ಇಲ್ಲಿ ಸ್ವಲ್ಪ ನಿಂತು ಅರ್ಥ ಮಾಡ್ಕೊಳ್ಳಿ. ಪಂಚಾಯ್ತಿಯ ನಮೂನೆ 9 ಆಸ್ತಿಯ ವಿವರ ಹೇಳುತ್ತೆ: ಅಳತೆ, ಚೆಕ್ಕುಬಂದಿ, ಯಾರ ಹೆಸರಲ್ಲಿ ದಾಖಲಾಗಿದೆ ಅನ್ನೋದು. ನಮೂನೆ 11ಎ ತೆರಿಗೆ ಬೇಡಿಕೆ, ವಸೂಲಿ, ಬಾಕಿ ಹೇಳುತ್ತೆ. ಎರಡೂ ಬೇಕೇ ಬೇಕು, ಇಲ್ಲದೆ ನೋಂದಣಿನೇ ಆಗಲ್ಲ. ಆದ್ರೆ ಎರಡೂ ಮಾಲೀಕತ್ವದ ಪತ್ರ ಅಲ್ಲ. ಯಾರಿಂದ ತೆರಿಗೆ ವಸೂಲಿ ಮಾಡಬೇಕು ಅಂತ ಪಂಚಾಯ್ತಿ ಬರ್ಕೊಂಡಿರೋ ಲೆಕ್ಕ ಅದು. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಹೊಲದ ಪಹಣಿಗೂ ಇದೇ ಮಾತು.

ಹಾಗಾದ್ರೆ ಹಕ್ಕು ಎಲ್ಲಿಂದ ಬರುತ್ತೆ? ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಇಲ್ಲಾಂದ್ರೆ ಉಯಿಲು ಅಥವಾ ಉತ್ತರಾಧಿಕಾರ. ನಮ್ಮ ಕೇಸಲ್ಲಿ ಮೂಲ ಪತ್ರ ಹುಡುಕಿದಾಗ ಸಿಕ್ಕಿದ್ದು 1988ರ ಕ್ರಯಪತ್ರ, ಮಾರುವವರ ತಂದೆಯ ಹೆಸರಲ್ಲಿ. ಸೈಟು ಕೊಂಡು ಮನೆ ಕಟ್ಟಿಸಿದ್ದು ಆ ತಂದೆ. 2011ರಲ್ಲಿ ತೀರಿಕೊಂಡರು, ಉಯಿಲು ಬರೆದಿರಲಿಲ್ಲ. ಆಮೇಲೆ ಮಗ ಪೌತಿ ಖಾತೆ ಮಾಡಿಸಿಕೊಂಡು ತನ್ನ ಹೆಸರಿಗೆ ತಂದುಕೊಂಡಿದ್ದರು. ಇಸಿಯಲ್ಲಿ ಇದು ಯಾಕೆ ಕಾಣಲಿಲ್ಲ? ಸಾವು ಉಪನೋಂದಣಿ ಕಚೇರಿಯಲ್ಲಿ ದಾಖಲಾಗಲ್ಲ, ಪೌತಿ ಖಾತೆನೂ ಆಗಲ್ಲ. ಇಸಿ ಹೇಳೋದು ನೋಂದಣಿ ಆಗಿರೋದನ್ನ ಮಾತ್ರ. ಮನೆಯವರ ಪಾಲು, ನೋಂದಣಿ ಆಗದ ಕರಾರು, ನಡೀತಿರೋ ಕೇಸು ಇವೆಲ್ಲ ಅದರಲ್ಲಿ ಸಿಗೋದು ಕಷ್ಟ. ಮೊಬೈಲಲ್ಲಿ ಸಿಗೋದು 2004ರಿಂದ ಈಚಿನ ಇಸಿ. ನಾನು ಅಷ್ಟಕ್ಕೇ ತೃಪ್ತಿ ಪಟ್ಟಿದ್ದೆ. 1988ರ ಕ್ರಯ ಕಾಣಬೇಕಾದ್ರೆ ಉಪನೋಂದಣಿ ಕಚೇರಿಗೆ ಅರ್ಜಿ ಕೊಟ್ಟು ಹಳೇ ಪುಸ್ತಕದಿಂದ ತೆಗೆಸಬೇಕು. ಕನಿಷ್ಠ 30 ವರ್ಷದ್ದು ತೆಗೆಸಿ.

ಪಾಲು ಯಾರ್ಯಾರಿಗೆ?

ತಂದೆ ಸ್ವಂತ ದುಡ್ಡಲ್ಲಿ ಕೊಂಡ ಆಸ್ತಿ, ಉಯಿಲು ಇಲ್ಲದೆ ತೀರಿಕೊಂಡ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ರೆ ತೀರಿಕೊಂಡವರ ತಾಯಿ, ಎಲ್ಲರಿಗೂ ಸಮಪಾಲು. ಮದುವೆ ಆಗಿದೆಯೋ ಇಲ್ಲವೋ ಅನ್ನೋ ಪ್ರಶ್ನೆನೇ ಇಲ್ಲ. 2005ರ ತಿದ್ದುಪಡಿ ಅಂತ ಎಲ್ಲರೂ ಮಾತಾಡ್ತಾರಲ್ಲ, ಅದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿದ್ದು. ಸ್ವಯಾರ್ಜಿತದಲ್ಲಿ ಹಕ್ಕು 1956ರಿಂದಲೇ ಇದೆ. ಆದ್ರೆ ಮನೆ ವಿಷಯದಲ್ಲಿ ಒಂದು ತೊಡಕಿತ್ತು. ಕುಟುಂಬ ವಾಸ ಇರೋ ಮನೆಯನ್ನ ಗಂಡುಮಕ್ಕಳು ಪಾಲು ಮಾಡಿಕೊಳ್ಳೋವರೆಗೂ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಅಂತ 23ನೇ ಕಲಂ ಹೇಳ್ತಿತ್ತು. ಅದನ್ನ 2005ರಲ್ಲಿ ತೆಗೆದುಹಾಕಿದರು. "ಮನೆ ಗಂಡುಮಕ್ಕಳದ್ದು" ಅನ್ನೋ ನಂಬಿಕೆ ಇನ್ನೂ ಹೋಗದೆ ಇರೋದಕ್ಕೆ ಈ ಹಳೇ ಕಲಮೂ ಒಂದು ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳ ಲೆಕ್ಕ ಬೇರೆ, ಆದ್ರೆ ಅಲ್ಲೂ ಹೆಣ್ಣುಮಕ್ಕಳಿಗೆ ಪಾಲು ಇದ್ದೇ ಇದೆ.

ಸರಿ, ಇಲ್ಲಿ ತಾಯಿ, ಮಗ, ಇಬ್ಬರು ಹೆಣ್ಣುಮಕ್ಕಳು. ನಾಲ್ಕು ಪಾಲು, ತಲಾ ಕಾಲು ಭಾಗ. ನಾನು 18 ಲಕ್ಷ ಕೊಟ್ಟು ಕೊಳ್ಳೋಕೆ ಹೊರಟಿದ್ದು ಕಾನೂನಿನ ಪ್ರಕಾರ ಕಾಲು ಮನೆ! ಇನ್ನೂ ಕೇಳಿ. ಕಿರಿ ಮಗಳು ತಂದೆ ಹೋದ ಎರಡು ವರ್ಷಕ್ಕೆ ತೀರಿಕೊಂಡಿದ್ದರು. ಅವರ ಕಾಲು ಭಾಗ ಅವರ ಗಂಡನಿಗೆ ಮತ್ತು ಒಬ್ಬಳೇ ಮಗಳಿಗೆ ಅರ್ಧರ್ಧ ಹೋಗಿತ್ತು. ಆ ಹುಡುಗಿಗೆ ಆಗ 14 ವರ್ಷ.

"ಕಾಲು ಭಾಗ ಕೊಂಡ್ರೂ ಮನೇಲಿ ಕೂತ್ಕೋಬಹುದಲ್ಲ ಮೇಡಂ, ಆಮೇಲೆ ನೋಡ್ಕೊಳ್ಳೋಣ" ಅಂದೆ. ಅದೂ ಆಗಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಪ್ರಕಾರ, ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲು ಕೊಂಡ ಹೊರಗಿನವನಿಗೆ ಅಲ್ಲಿ ಜೊತೆಗೆ ವಾಸ ಮಾಡೋ ಹಕ್ಕಿಲ್ಲ. ವಿಭಾಗದ ದಾವೆ ಹಾಕಬೇಕು. ಹಾಕಿದ್ರೆ, 1893ರ ವಿಭಾಗ ಕಾಯ್ದೆ ಪ್ರಕಾರ ಕುಟುಂಬದವರೇ ನನ್ನ ಪಾಲನ್ನ ಕೋರ್ಟು ಹೇಳಿದ ಬೆಲೆಗೆ ವಾಪಸ್ ಕೊಂಡುಕೊಳ್ಳಬಹುದು. ಹೊರಗಿನವನು ಮನೆಯೊಳಗೆ ಬರಬಾರದು ಅಂತ ಇರೋ ಕಾನೂನು ಅದು. ಆ ಹೊರಗಿನವನು ನಾನೇ ಅಂತ ಆವತ್ತು ಗೊತ್ತಾಯ್ತು.

ಅಕ್ಕನ ಮನೆಗೆ

ಮಾರುವವರು ಮೊದಲು ಒಪ್ಪಲಿಲ್ಲ. "ನೋಟರಿ ಹತ್ರ ಒಂದು ಅಫಿಡವಿಟ್ ಮಾಡಿಸ್ಕೊಡ್ತೀನಿ, ಹಕ್ಕು ಬೇಡ ಅಂತ ಬರ್ಕೊಡ್ತಾರೆ" ಅಂದರು. ಇದನ್ನ ತುಂಬ ಕಡೆ ಮಾಡ್ತಾರೆ, ಇದಕ್ಕೆ ಬೆಲೆ ಇಲ್ಲ. ಸ್ಥಿರಾಸ್ತಿಯ ಹಕ್ಕು ಬಿಡಬೇಕಾದ್ರೆ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲೇ ನೋಂದಣಿ ಆಗಬೇಕು. ಇಲ್ಲಾಂದ್ರೆ ಎಲ್ಲ ಪಾಲುದಾರರೂ ಕ್ರಯಪತ್ರಕ್ಕೆ ಮಾರಾಟಗಾರರಾಗಿ ಸಹಿ ಹಾಕಬೇಕು. ಕೊಳ್ಳುವವರಿಗೆ ಎರಡನೇದು ವಾಸಿ, ಒಂದೇ ಪತ್ರದಲ್ಲಿ ಎಲ್ಲರ ಸಹಿ ಇರುತ್ತೆ. ಬರೀ ಸಾಕ್ಷಿಯಾಗಿ ಸಹಿ ಹಾಕಿಸಿದ್ರೆ ಸಾಲದು.

ಒಂದು ಭಾನುವಾರ ನಾನೂ ಅವರೂ ಬೈಕಲ್ಲಿ ಅಕ್ಕನ ಊರಿಗೆ ಹೋದ್ವಿ. ಆಯಮ್ಮ ಕೊಟ್ಟಿಗೆಯಲ್ಲಿ ಹಾಲು ಕರೀತಿದ್ದರು. ವಿಷಯ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮನಿಗೆ ಹೇಳಿದ್ದು ಇಷ್ಟೇ: "ಅಪ್ಪ ಆ ಮನೆ ಕಟ್ಟುಸ್ತಾ ಇದ್ದಾಗ ಗೋಡೆಗೆ ನೀರು ಹಾಕ್ತಿದ್ದೋಳು ನಾನು. ಮಾರ್ತೀನಿ ಕಣಕ್ಕ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?"

ಅವರು ತಲೆ ತಗ್ಗಿಸಿ ಕೂತಿದ್ದರು. ನಾನು ಎದ್ದು ಹೊರಗೆ ಬಂದೆ.

ಪಾಲಿನ ಮಾತು ಅವರವರೇ ಕೂತು ಆಡಿಕೊಂಡರು. ಅಕ್ಕನಿಗೆ ನಾಲ್ಕೂವರೆ ಲಕ್ಷ ಬರಬೇಕಿತ್ತು, ಮೂರಕ್ಕೆ ಒಪ್ಪಿದರು. ತವರು ಉಳೀಲಿ ಅಂತ ಬಿಟ್ಟುಕೊಟ್ಟಿದ್ದು ಅದು. ಪೂರ್ತಿ ಕೊಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಕೊಳ್ಳೋಕೆ ಹೋದವನು ಅಲ್ಲಿ ಬಾಯಿ ಹಾಕೋದು ಸರಿಯಲ್ಲ. ನಾನು ಮಾಡಿದ್ದು ಒಂದೇ ಕೆಲಸ. ಅಕ್ಕನ ದುಡ್ಡನ್ನ ಅಕ್ಕನ ಬ್ಯಾಂಕ್ ಖಾತೆಗೇ ನೇರವಾಗಿ ಹಾಕಿ, ಅದನ್ನ ಕ್ರಯಪತ್ರದಲ್ಲಿ ಬರೆಸಿದೆ. ಎಲ್ಲರ ದುಡ್ಡನ್ನೂ ಒಬ್ಬರ ಕೈಗೆ ಕೊಟ್ಟು "ನೀವೇ ಹಂಚ್ಕೊಳ್ಳಿ" ಅನ್ನಬೇಡಿ. ನಾಳೆ ಯಾರಾದ್ರೂ ನನಗೆ ಬಂದಿಲ್ಲ ಅಂದ್ರೆ ಉತ್ತರ ಕೊಡಬೇಕಾದವರು ನೀವು.

ಹುಡುಗಿಯ ಪಾಲು

ಇದು ಎಲ್ಲಕ್ಕಿಂತ ನಿಧಾನ ಆಗಿದ್ದು. ಅಪ್ರಾಪ್ತರ ಆಸ್ತಿಯನ್ನ ಸ್ವಂತ ಅಪ್ಪನೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಂ ಇದು. ಅಪ್ಪ ಸುಮ್ಮನೆ ಸಹಿ ಹಾಕಿ ಮಾರಿದ್ರೆ, ಹುಡುಗಿಗೆ 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟ ರದ್ದು ಮಾಡಿ ಅಂತ ದಾವೆ ಹಾಕಬಹುದು. ಅಂದ್ರೆ ನನ್ನ ಮನೆ ಮೇಲೆ ಏಳು ವರ್ಷ ಕತ್ತಿ ತೂಗ್ತಾ ಇರ್ತಿತ್ತು.

ಹುಡುಗಿಯ ಅಪ್ಪ 2024ರ ಮಾರ್ಚಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಮಾರಾಟದಿಂದ ಮಗುವಿಗೆ ಅನುಕೂಲ ಇದೆಯಾ, ಅಥವಾ ಮಾರಲೇಬೇಕಾದ ಅಗತ್ಯ ಇದೆಯಾ ಅಂತ ಕೋರ್ಟು ನೋಡುತ್ತೆ. ಎಂಟನೇ ಒಂದು ಭಾಗದ ಪಾಲನ್ನ ಇಟ್ಟುಕೊಂಡು ಆ ಹುಡುಗಿ ಮಾಡೋದೇನಿಲ್ಲ, ಬೆಲೆ ಸರಿಯಾಗಿದೆ ಅಂತ ತೋರಿಸಿದ ಮೇಲೆ ಅಕ್ಟೋಬರಲ್ಲಿ ಆದೇಶ ಬಂತು. ಅವಳ ಪಾಲಿನ 2,25,000 ರೂಪಾಯಿ ಅವಳ ಹೆಸರಲ್ಲೇ ಬ್ಯಾಂಕಲ್ಲಿ ಠೇವಣಿ, 18 ಆಗೋವರೆಗೂ ಯಾರೂ ಮುಟ್ಟುವಂತಿಲ್ಲ. ಅವಳ ಪಾಲಿಂದ ಒಂದು ರೂಪಾಯಿನೂ ಕಡಿಮೆ ಆಗಲಿಲ್ಲ ನೋಡಿ, ಕೋರ್ಟಿನ ಮೂಲಕ ಹೋಗಿದ್ದಕ್ಕೆ.

ಈ ಏಳು ತಿಂಗಳು ನನ್ನ ದುಡ್ಡಿಗೆ ರಕ್ಷಣೆ ಏನು? ವಕೀಲರು ಹಳೇ ಕರಾರನ್ನ ರದ್ದು ಮಾಡಿಸಿ ಹೊಸದು ಬರೆಸಿದರು. ಎರಡೂ ಲಕ್ಷ ಅದರಲ್ಲಿ ಬಂತು (ಮಾರುವವರು ನಗದಿನ ಒಂದು ಲಕ್ಷ ಒಪ್ಪಿಕೊಂಡರು, ಅವರ ದೊಡ್ಡ ಗುಣ). ದೊಡ್ಡವರೆಲ್ಲ ಸಹಿ ಹಾಕಿದರು. ಹುಡುಗಿಯ ಪಾಲಿಗೆ ಕೋರ್ಟ್ ಅನುಮತಿ ತರೋದು ಮಾರುವವರ ಜವಾಬ್ದಾರಿ, ಸಿಗದಿದ್ರೆ ಅಡ್ವಾನ್ಸ್ ಇಷ್ಟು ದಿನದಲ್ಲಿ ವಾಪಸ್ ಅಂತ ಬರೆಸಿದೆವು. ಒಂದು ನೆನಪಿರಲಿ, ಕರಾರು ಪತ್ರದಿಂದ ಮನೆ ನಿಮ್ಮದಾಗಲ್ಲ. ಜಿಪಿಎ ಮಾಡಿಸಿಕೊಂಡ್ರೂ ಆಗಲ್ಲ, 2011ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಖಡಾಖಂಡಿತವಾಗಿ ಹೇಳಿದೆ. ನೋಂದಾಯಿತ ಕ್ರಯಪತ್ರ ಒಂದೇ ದಾರಿ. ನಗದಿನ ಬಗ್ಗೆಯೂ ಹೇಳಿಬಿಡ್ತೀನಿ. ಸ್ಥಿರಾಸ್ತಿಗೆ 20,000 ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡ್ರೆ ಆದಾಯ ತೆರಿಗೆ ಕಾನೂನಿನಲ್ಲಿ ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬರೀ ಕೃಷಿ ಆದಾಯ ಇರೋ ಇಬ್ಬರ ನಡುವೆ ವಿನಾಯಿತಿ ಇದೆ, ಆದ್ರೆ ವಿನಾಯಿತಿ ಇದೆ ಅಂತ ನಗದು ಕೊಟ್ರೆ ನಾಳೆ ಕೊಟ್ಟಿದ್ದೀನಿ ಅಂತ ತೋರಿಸೋಕೆ ಏನಿರುತ್ತೆ?

ಕಾಯೋ ಸಮಯದಲ್ಲಿ ಮೊಬೈಲಲ್ಲೇ ಮಾಡಿದ್ದು

ಇ-ಕೋರ್ಟ್ಸ್ ಆ್ಯಪಲ್ಲಿ ಮಾರುವವರು, ಅವರ ತಂದೆ, ಅಕ್ಕ ಎಲ್ಲರ ಹೆಸರು ಹಾಕಿ ಕೇಸು ಇದೆಯಾ ನೋಡಿದೆ. ಕೇಸು ನಡೀತಿರುವಾಗ ಕೊಂಡ್ರೆ, ಆ ಕೇಸಿನ ತೀರ್ಪಿಗೆ ಕೊಂಡವನೂ ಬದ್ಧ. ಹೆಸರಿನ ಕಾಗುಣಿತ ಎರಡು ಮೂರು ರೀತಿ ಹಾಕಿ ನೋಡಿ. ದಿಶಾಂಕ್ ಆ್ಯಪ್ ತೆಗೆದು ಮನೆ ಮುಂದೆ ನಿಂತ್ರೆ ಯಾವ ಸರ್ವೆ ನಂಬರಲ್ಲಿ ನಿಂತಿದ್ದೀರಿ, ಪಕ್ಕದಲ್ಲಿ ಹಳ್ಳ, ಕೆರೆ ಅಂಗಳ, ಸರ್ಕಾರಿ ಖರಾಬು ಇದೆಯಾ ಅಂತ ಅಂದಾಜು ಸಿಗುತ್ತೆ. ಅಂದಾಜು ಅಷ್ಟೇ, ಅಳತೆಗೆ ಸರ್ವೆಯವರೇ ಬೇಕು.

ನಮ್ಮದು ಗ್ರಾಮಠಾಣಾ ಮನೆ, ಅದಕ್ಕೇ ನಮೂನೆ 9 ಇತ್ತು. ನಿಮಗೆ ಮಾರುವವರು 11ಬಿ ಮಾತ್ರ ತೋರಿಸಿದ್ರೆ ಅದು ಕ್ರಮಬದ್ಧವಲ್ಲದ ಆಸ್ತಿ ಅಂತ ತಿಳ್ಕೊಂಡು, ಮುಂದೆ ಹೋಗೋ ಮುಂಚೆ ವಕೀಲರನ್ನ ಕೇಳಿ. ಭೂಪರಿವರ್ತನೆ ಆಗದ ಹೊಲದಲ್ಲಿ ಸೈಟು ಮಾಡಿ ಮಾರೋರು ಬೇಕಾದಷ್ಟು ಜನ ಇದ್ದಾರೆ. ಆಶ್ರಯ ಮನೆ, ಸರ್ಕಾರ ಕೊಟ್ಟ ಹಕ್ಕುಪತ್ರದ ನಿವೇಶನ ಆದ್ರೆ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅನ್ನೋ ಷರತ್ತನ್ನ ಹಕ್ಕುಪತ್ರದಲ್ಲೇ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು. 2023ರ ತಿದ್ದುಪಡಿ ಆದ್ಮೇಲೆ ಆ ಜಮೀನು ವಾಪಸ್ ಕೇಳೋಕೆ ಕಾಲಮಿತಿನೇ ಇಲ್ಲ.

ನೋಂದಣಿ

ಇದು ಜನ ಹೆದರೋಷ್ಟು ಕಷ್ಟ ಇಲ್ಲ. ಕಾವೇರಿ 2.0ರಲ್ಲಿ ವಿವರ ತುಂಬಿ ಕರಡು ಹಾಕಿದ್ರೆ ಉಪನೋಂದಣಾಧಿಕಾರಿ ನೋಡಿ ಒಪ್ಪಿಗೆ ಕೊಡ್ತಾರೆ. ಆಮೇಲೆ ಶುಲ್ಕ ಕಟ್ಟಿ ದಿನ, ಸಮಯ ಆರಿಸ್ಕೋಬೇಕು. ಮಾರ್ಗಸೂಚಿ ಬೆಲೆ, ನೀವು ಕೊಟ್ಟ ಬೆಲೆ, ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. ನಮ್ಮ 18 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ. 5, ಅಂದ್ರೆ 90,000. ಆ 90,000ದ ಮೇಲೆ ಸೆಸ್ ಶೇ. 10, ಸರ್ಚಾರ್ಜ್ ಗ್ರಾಮೀಣ ಭಾಗಕ್ಕೆ ಶೇ. 3, ಎರಡೂ ಸೇರಿ 11,700. ನೋಂದಣಿ ಶುಲ್ಕ ಆಗ ಶೇ. 1 ಇತ್ತು, 18,000. ಒಟ್ಟು 1,19,700 ಕಟ್ಟಿದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಗಿದೆ, ಹಾಗಾಗಿ ಅದೇ ಮನೆಗೆ ಈಗಾದ್ರೆ 1,37,700. ಮನೆ ಬೆಲೆ ಜೊತೆ ಇದನ್ನೂ ಮೊದಲೇ ಎತ್ತಿಟ್ಟುಕೊಳ್ಳಿ, ವಕೀಲರ ಫೀಸು ಬೇರೆ. ಬ್ಯಾಂಕ್ ಸಾಲ ಮಾಡೋದಾದ್ರೆ ಬ್ಯಾಂಕಿನ ವಕೀಲರೂ ದಾಖಲೆ ನೋಡ್ತಾರೆ, ಆದ್ರೆ ಅವರು ನೋಡೋದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯಾ ಅಂತ. ನಿಮ್ಮ ಕಡೆಯಿಂದ ಒಬ್ಬರು ಇರಲಿ.

2024ರ ನವೆಂಬರಲ್ಲಿ ನೋಂದಣಿ ಆಯ್ತು. ಅಕ್ಕ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದರು. ತಾಯಿಯನ್ನ ಕಾರಲ್ಲಿ ಕರ್ಕೊಂಡು ಬಂದ್ವಿ. ಹುಡುಗಿಯ ಅಪ್ಪ ತನ್ನ ಪಾಲಿಗೆ ಒಂದು, ಮಗಳ ಪೋಷಕನಾಗಿ ಇನ್ನೊಂದು ಸಹಿ ಹಾಕಿದರು, ಕೋರ್ಟ್ ಆದೇಶವನ್ನ ಪತ್ರಕ್ಕೆ ಲಗತ್ತಿಸಿದೆವು. ಫೋಟೋ, ಹೆಬ್ಬೆಟ್ಟು, ಎರಡು ಸಾಕ್ಷಿ, ಅರ್ಧ ಗಂಟೆ ಕೆಲಸ. ಹೊರಗೆ ಬಂದಾಗ ಅಕ್ಕ ನನ್ನನ್ನ ಕರೆದು, "ಹಿಂದಿನ ಎರಡು ತೆಂಗಿನ ಗಿಡ ಕಡೀಬ್ಯಾಡ ಕಣಪ್ಪ, ಅಪ್ಪ ಹಾಕಿದ್ದು" ಅಂದರು.

ನೋಂದಣಿ ಆಯ್ತು ಅಂತ ಸುಮ್ಮನೆ ಕೂರಬೇಡಿ. ಪಂಚಾಯ್ತಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟು, ನಿಮ್ಮ ಹೆಸರಿನ ಹೊಸ ನಮೂನೆ 9, 11ಎ ಕೈಗೆ ಬರೋವರೆಗೂ ಬೆನ್ನು ಹತ್ತಿ. ಕರೆಂಟ್ ಮೀಟರ್, ನಲ್ಲಿ ಸಂಪರ್ಕ ಬದಲಾಯಿಸಿ. ಹೊಸ ಇಸಿ ಒಂದು ತೆಗೆದು ನಿಮ್ಮ ಕ್ರಯ ಅದರಲ್ಲಿ ಬಂದಿದೆಯಾ ನೋಡಿ. 1988ರ ಮೂಲ ಕ್ರಯಪತ್ರ, ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಕೋರ್ಟ್ ಆದೇಶದ ದೃಢೀಕೃತ ನಕಲು ಇವನ್ನೆಲ್ಲ ಮಾರುವವರಿಂದ ಅವತ್ತೇ ಈಸ್ಕೊಂಡೆ, ಆಮೇಲೆ ಕೇಳಿದ್ರೆ ಹುಡುಕಿ ಕೊಡೋರು ಯಾರೂ ಇರಲ್ಲ. ಎಲ್ಲ ಸ್ಕ್ಯಾನ್ ಮಾಡಿ ಮೊಬೈಲಲ್ಲಿ ಒಂದು ಪ್ರತಿ ಇದೆ, ಅಸಲು ಅವ್ವನ ಟ್ರಂಕಿನಲ್ಲಿದೆ.